ಗಂಜಿ ಮಾಸ್ತರರ ಎದಿನೋವು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮಗಳು ಹುನ್ನೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಅವಳ ಮಕ್ಕಳು ಮುಂದೆಂದಾದರೂ ಇದನ್ನು ಓದಿದರೆ, ನಾನು ಹೇಳಲಿರುವ ಮಾತುಗಳ ಪಕ್ಕದಲ್ಲಿ ಅಜ್ಜನ ಹೆಸರು ಇರಬಾರದು. ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆದವರೂ ಅಲ್ಲ. ಗಂಜಿ ಮಾಸ್ತರ ಎಂದರೆ ಸಾಕಾಗುತ್ತಿತ್ತು. ಹೋದ ತಿಂಗಳು ತೀರಿಕೊಂಡರು. ಐವತ್ತೆಂಟು ವರ್ಷ.

ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳನ್ನು, ಕುದಿಯುವ ಗಂಜಿಯಲ್ಲಿ ಅದ್ದಿ ತೆಗೆಯುತ್ತಾರೆ, ಉಗಿಯಿಂದ ಕಾದ ಉರುಳೆಗಳ ಮೇಲೆ ಒಣಗಿಸುತ್ತಾರೆ. ಗಂಜಿ ಕಡಿಮೆಯಾದರೆ ನೂಲು ಜುಂಗೆದ್ದು ಹರಿಯುತ್ತದೆ, ಹೆಚ್ಚಾದರೆ ಕಡ್ಡಿಯಂತೆ ಬಿರುಸಾಗಿ ಮುರಿಯುತ್ತದೆ. ಎಷ್ಟು ಹಿಟ್ಟು, ಎಷ್ಟು ನೀರು, ಎಷ್ಟು ಹೊತ್ತು ಕುದಿ ಎಂಬುದನ್ನು ಮಾಸ್ತರು ಗಡಿಯಾರ ನೋಡಿ ಹೇಳುತ್ತಿರಲಿಲ್ಲ. ಒಂದೆಳೆ ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ, ಕಣ್ಣು ಮುಚ್ಚಿ, "ಇಳಸ್ರಿ" ಅನ್ನುತ್ತಿದ್ದರು. ಇಳಿಸುವುದು ಎರಡು ನಿಮಿಷ ತಡವಾದರೆ ಕೈಗೆ ಸಿಕ್ಕಿದ್ದು ಹಾರಿ ಬರುತ್ತಿತ್ತು. ಸೌಟು, ಬಕೆಟ್ಟು, ಒಮ್ಮೆ ಒಂದು ಸ್ಟೂಲು.

ಅವರು ಕೆಲಸ ಮಾಡುತ್ತಿದ್ದ ಗಂಜಿ ಕಾರ್ಖಾನೆಯ ಗೇಟಿನ ಎದುರಿಗೇ ನನ್ನ ಔಷಧದ ಅಂಗಡಿ. ಮುಧೋಳದಲ್ಲಿ ಹುಟ್ಟಿ, ಬಿ.ಫಾರ್ಮ ಓದಿ, ಮದುವೆಯಾಗಿ ಈ ಊರಿಗೆ ಬಂದವಳು ನಾನು. ಅಂಗಡಿ ತೆರೆದ ಮೊದಲ ವರ್ಷವೇ ಅವರನ್ನು ರಕ್ತದ ನಡುವೆ ನೋಡಿದೆ. ಈರಪ್ಪ ಎಂಬ ಕೆಲಸಗಾರನ ಅಂಗಿತೋಳು ಉರುಳೆಗಳ ನಡುವೆ ಸಿಕ್ಕು, ಕೈ ಮೊಣಕೈವರೆಗೆ ಒಳಕ್ಕೆ ಹೋಗಿತ್ತಂತೆ. ಉಳಿದವರು ಸ್ವಿಚ್ಚು ಹುಡುಕುತ್ತ ಓಡಿದರೆ ಮಾಸ್ತರು ಬಾಯ್ಲರಿನ ಕಟ್ಟಿಗೆ ಒಡೆಯುವ ಕೊಡಲಿ ತಂದು ಉರುಳೆ ತಿರುಗಿಸುತ್ತ ಓಡುತ್ತಿದ್ದ ಪಟ್ಟಾವನ್ನೇ ಕಡಿದುಬಿಟ್ಟರು. ತುಂಡಾದ ಪಟ್ಟಾ ಚಾಟಿಯಂತೆ ಬೀಸಿ ಅವರ ಕೆನ್ನೆ ಸೀಳಿತು. ಆ ಸೀಳಿದ ಕೆನ್ನೆಯಲ್ಲೇ ಈರಪ್ಪನನ್ನು ಎತ್ತಿಕೊಂಡು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂರಿಸಿದರು. ನಾನು ಹತ್ತಿ ತೆಗೆಯುವಷ್ಟರಲ್ಲಿ ಅವನ ಕಪಾಳಕ್ಕೆ ಎರಡು ಬಿಗಿದರು.

"ತೋಳ ಮಡಚ್ಕೋ ಅಂತ ಎಷ್ಟ ಸಲ ಹೇಳೀನಿ ನಿನಗ, ಭಾಡ್ಯಾ?"

ಈರಪ್ಪ ಒಂದು ಕೈಯಿಂದ ರಕ್ತ ಸುರಿಸುತ್ತ, ಇನ್ನೊಂದು ಕೈಯಿಂದ ಕೆನ್ನೆ ಹಿಡಿದುಕೊಂಡು, "ಮಾಸ್ತರ, ಕೈ ಉಳಿಸಿದ್ರಿ, ಹಲ್ಲೂ ಉಳಸ್ರೀ" ಅಂದ. ಅವನು ಹಾಗೆಯೇ. ಸಾಯುವಾಗಲೂ ಚೇಷ್ಟೆ ಬಿಡದವನು. ಅಂದಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಬಯ್ಯದೆ ಚಹಾ ಕುಡಿದದ್ದನ್ನು ನಾನು ಕಂಡಿಲ್ಲ.

ಮಾಸ್ತರಿಗೆ ರಕ್ತದೊತ್ತಡ ಇದೆ ಎಂದು ಎಲ್ಲರಿಗೂ ಗೊತ್ತಿತ್ತು, ಅವರ ಸಿಟ್ಟಿಗೆ ಅದೇ ಕಾರಣ ಅನ್ನುತ್ತಿದ್ದರು. ಮೂರು ಬಗೆಯ ಗುಳಿಗೆ ನುಂಗಿದರೂ ನನ್ನ ಅಂಗಡಿಯ ಯಂತ್ರದಲ್ಲಿ ಮೇಲಿನ ಅಂಕಿ ಇನ್ನೂರರ ಕೆಳಗೆ ಬರುತ್ತಿರಲಿಲ್ಲ. ಒಂದು ದಿನ ಮೂಗಿನಿಂದ ಗಳಗಳ ರಕ್ತ ಸುರಿಯುತ್ತ ಬಂದರು. ಅಂಗಿಯ ಮುಂಭಾಗವೆಲ್ಲ ಕೆಂಪು. ನಾನು ಗಾಬರಿಯಾಗಿ ಮೂಗು ಒತ್ತಿ ಹಿಡಿದರೆ ಅವರು ಬಾಯಿಂದ ಉಸಿರಾಡುತ್ತ ಹೇಳಿದ್ದು ಒಂದೇ ಮಾತು: "ಬಿಳೇ ಹಾಸಿನ ಮ್ಯಾಲ ಬಿತ್ತಲ್ಲ ತಂಗಿ. ಇಡೀ ಹಾಸು ಹೊಲಸಾತು."

ಅದಾಗಿ ತಿಂಗಳೊಳಗೆ ಗಂಜಿಯ ಹಂಡೆಯ ಪಕ್ಕದಲ್ಲೇ ಕಾಲು ಸೋತು ಕುಸಿದರು. ಎತ್ತಿದರೂ ನಿಲ್ಲಲಾಗಲಿಲ್ಲ. ಜಮಖಂಡಿಯ ಹಿರಿಯ ವೈದ್ಯರೊಬ್ಬರಿಗೆ ಅನುಮಾನ ಬಂದು ರಕ್ತದಲ್ಲಿ ಪೊಟ್ಯಾಸಿಯಂ ನೋಡಿಸಿದರು, ತೀರಾ ಕಡಿಮೆ ಇತ್ತು. ಮುಂದಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಾಸ್ತರು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಅವರ ಹೆಂಡತಿಗೆ ದವಾಖಾನೆಯ ವಾಸನೆಗೇ ತಲೆ ಸುತ್ತುತ್ತದೆ. "ನೀ ಕಲ್ತಾಕಿ. ಡಾಕ್ಟರ ಹೇಳಿದ್ದು ನನಗ ತಿಳೀಲಿಲ್ಲಂದ್ರ ನಿನಗರ ತಿಳೀತದ" ಅಂದಿದ್ದರು.

ವೈದ್ಯರು ಸಾವಧಾನವಾಗಿ ಹೇಳಿದರು. "ಕಿಡ್ನಿ ಮ್ಯಾಲ ಎರಡ ಸಣ್ಣ ಗ್ರಂಥಿ ಇರ್ತಾವ ನೋಡ್ರಿ. ಅವು ಆಲ್ಡೋಸ್ಟೆರೋನ್ ಅಂತ ಒಂದು ಹಾರ್ಮೋನ್ ಬಿಡ್ತಾವ. ನಿಮಗ ಎರಡೂ ಕಡೆ ಹೆಚ್ಚಿಗಿ ಬಿಡಾಕತ್ತಾವ, ಅದಕ್ಕ ಆಪರೇಶನ್ ಬರೂದಿಲ್ಲ. ಅದು ಮೈಯಾಗ ಉಪ್ಪು ಹಿಡಿದಿಡ್ತದ, ಪೊಟ್ಯಾಸಿಯಂ ಹೊರಗ ಹಾಕ್ತದ. ಕಾಲು ಸೋತದ್ದು ಅದಕ್ಕ. ಅಷ್ಟ ಆಗಿದ್ರ ಪರವಾಗಿಲ್ಲ. ರಕ್ತನಾಳದ ಗೋಡೀನ್ನೂ ಕೆಡಸ್ತದ, ಬಿರುಸು ಮಾಡ್ತದ."

ಮಾಸ್ತರು ತಮ್ಮ ಎಡ ಮುಂಗೈಯ ನಾಡಿಯನ್ನು ಬಲಗೈಯ ಎರಡು ಬೆರಳಿನಲ್ಲಿ ಹೊರಳಿಸಿ ನೋಡಿದರು, ಥೇಟ್ ನೂಲು ನೋಡುವ ಹಾಗೆ. "ಗಂಜಿ ಹೆಚ್ಚಾಗೇತಿ ಅನ್ರಿ."

ವೈದ್ಯರು ನಕ್ಕರು. "ಹಂಗ ಅನ್ರಿ."

"ಅಂದ್ರ ಇಷ್ಟ ದಿನ ನಾ ತಿಂದ ಗುಳಿಗಿ ಮಗ್ಗದ ಜೋರು ಇಳಿಸಿದಂಗ ಆತು. ಜೋರು ಇಳಿಸಿದ್ರ ನೂಲ ಹರಿಯೂದು ಕಡಿಮಿ ಆಕ್ಕೇತಿ, ಖರೆ. ಆದ್ರ ಗಂಜಿ ಎಲ್ಲಿ ಹೋತು? ಅದು ನೂಲಿಗಿ ಹತ್ತಿಕೊಂಡ ಇರ್ತೇತಲ್ಲ?"

"ಇದು ಗಂಜೀನ ನೂಲಿಗೆ ಹತ್ತಗೊಡದ ಗುಳಿಗಿ" ಎಂದು ವೈದ್ಯರು ಚೀಟಿ ಬರೆದುಕೊಟ್ಟರು. "ಹಾರ್ಮೋನಿನ ಕೆಲಸಕ್ಕ ಅಡ್ಡ ನಿಲ್ತದ. ನಾಳ ಮೆತ್ತಗಾಗಾಕ ತಿಂಗಳಗಟ್ಟಲೆ ಬೇಕು. ಪೂರ್ತಿ ಮೊದಲಿನಂಗ ಆಗ್ತದ ಅಂತ ನಾ ಹೇಳೂದಿಲ್ಲ. ಆದ್ರ ನನಗ ಕೇಳದ ಬಿಡಬ್ಯಾಡ್ರಿ. ತೊಂದರಿ ಏನ ಆದ್ರೂ ಹೇಳ್ರಿ."

ಚೀಟಿಯಲ್ಲಿದ್ದದ್ದು ಸ್ಪೈರೋನೊಲ್ಯಾಕ್ಟೋನ್. ಅದರಿಂದ ಕೆಲವು ಗಂಡಸರಿಗೆ ಏನಾಗುತ್ತದೆ ಎಂಬುದನ್ನು ನಾನು ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅಂದು ಬಸ್ಸಿನಲ್ಲಿ ಅವರ ಪಕ್ಕ ಕೂತು ಬರುವಾಗ ಅದನ್ನು ಹೇಳಲಿಲ್ಲ. ಮರೆತಿದ್ದೆನೋ, ನಾಚಿಕೊಂಡೆನೋ, ಈಗ ನಿಜವಾಗಿ ನೆನಪಿಲ್ಲ.

ಗುಳಿಗೆ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಅಂಕಿ ಇಳಿಯಿತು, ಕಾಲಿಗೆ ಬಲ ಬಂತು. ಅರ್ಧ ವರ್ಷದ ಹೊತ್ತಿಗೆ ವೈದ್ಯರು ಕೈಕಾಲಿಗೆ ಪಟ್ಟಿ ಕಟ್ಟಿ ನಾಡಿಯ ಓಟ ಅಳೆಯುವ ಯಂತ್ರದಲ್ಲಿ ನೋಡಿ, ನಾಳಗಳು ಮೊದಲಿಗಿಂತ ಮೆದುವಾಗಿವೆ ಎಂದರಂತೆ. ಮಾಸ್ತರು ಗಲ್ಲಾದ ಮೇಲೆ ಮುಂಗೈ ಚಾಚಿ, "ಮುಟ್ಟಿ ನೋಡ ತಂಗಿ, ಹ್ಯಾಂಗ ಹೊರಳ್ತೇತಿ" ಅಂದರು. ಕಾರ್ಖಾನೆಯಿಂದ ಸೌಟು ಹಾರುವುದೂ ಕಡಿಮೆಯಾಗಿತ್ತು. ಈರಪ್ಪ ನನ್ನ ಅಂಗಡಿಗೆ ಬಂದು, "ಮೇಡಂ, ಆ ಗುಳಿಗಿ ನಮ್ಮ ಹೆಂಡ್ತಿಗೂ ಒಂದ ಚೀಟಿ ಕೊಡ್ರೆಲ್ಲ" ಎಂದು ಕೇಳಿದ್ದ.

ಆಮೇಲೆ ಒಂದು ಮಧ್ಯಾಹ್ನ ಮಾಸ್ತರು ಬಂದು ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ನಿಂತರು.

"ಎದಿ ನೋಯಾಕತ್ತೇತಿ ತಂಗಿ."

ಹೃದಯದ್ದೇ ಇರಬೇಕೆಂದು ನಾನು ಗಲ್ಲಾ ಬಿಟ್ಟು ಎದ್ದೆ. "ಎಡಗಡೆನ್ರೀ?"

"ಎರಡೂ ಕಡಿ."

"ಭಾರ ಅನಸ್ತದೇನ್ರೀ?"

ಅವರು ನೆಲ ನೋಡಿದರು. "ಹೂಂ. ಭಾರನೂ ಆಗೇತಿ."

ನಾನು ಆಗಿಂದಾಗಲೇ ಆಟೋ ಕರೆಸಿ ಇಸಿಜಿಗೆ ಕಳಿಸಿದೆ. ಹೃದಯ ಸರಿಯಾಗಿತ್ತು. ಗ್ಯಾಸ್ ಇರಬೇಕೆಂದು ಗುಳಿಗೆ ಕೊಟ್ಟೆ. ಎರಡು ವಾರದ ಮೇಲೆ ಮತ್ತೆ ಬಂದು ಅದೇ ಮಾತು ಹೇಳಿದರು, ನಾನೂ ಅದೇ ಗ್ಯಾಸಿನ ಗುಳಿಗೆ ಕೊಟ್ಟೆ. ನಮ್ಮ ಭಾಷೆಯಲ್ಲಿ ಎದೆ ಅಂದರೆ ಒಳಗಿನದೂ ಹೌದು, ಹೊರಗಿನದೂ ಹೌದು. ಹೊರಗಿನದಕ್ಕೆ ಇನ್ನೊಂದು ಬಿಚ್ಚುಮಾತು ಇದೆ. ಮಗಳ ವಯಸ್ಸಿನ ಹೆಂಗಸಿನ ಮುಂದೆ ಆ ಪದ ಆಡುವ ಮನುಷ್ಯರಲ್ಲ ಅವರು. ಕಪಾಳಕ್ಕೆ ಬಾರಿಸಲು ಹಿಂಜರಿಯದ ಆ ಗಂಡಸು ಒಂದು ಪದಕ್ಕೆ ಹೆದರಿ ಎರಡು ಸಲ ಗ್ಯಾಸಿನ ಗುಳಿಗೆ ಹಿಡಿದು ರಸ್ತೆ ದಾಟಿ ಹೋದರು. ಮೂರನೆಯ ಸಲ ಬರಲಿಲ್ಲ. ಸ್ಪೈರೋನೊಲ್ಯಾಕ್ಟೋನ್ ತೆಗೆದುಕೊಳ್ಳಲೂ ಬರಲಿಲ್ಲ. ಜಮಖಂಡಿಯಲ್ಲೇ ಕೊಳ್ಳುತ್ತಿರಬೇಕು ಎಂದುಕೊಂಡೆ. ಐದು ವಾರ ಹಾಗೆಯೇ ಅಂದುಕೊಂಡಿದ್ದೆ.

ಅವರ ಹೆಂಡತಿ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದ ಮೇಲೆ ನನಗೆ ಕಣ್ಣು ತೆರೆಯಿತು. "ನೀ ತಿಳಕೊಂಡ ಎದಿನೋವಲ್ಲ ಯವ್ವಾ ಅದು. ನಮ್ಮಂಥವರಿಗೆ ಇರೂ ಎದಿ. ಎರಡೂ ಬಾತಾವ. ಅಂಗಿ ತಾಗಿದ್ರ ಹಲ್ಲ ಕಡೀತಾರ. ಗುಳಿಗಿ ಒಲಿಗಿ ಒಗದಾರ. 'ನೂಲು ಮೆತ್ತಗಾಗೇತಿ, ಇನ್ನೇನ ಬ್ಯಾಡ' ಅಂತಾರ. ಕಣ್ಣು ಕೆಂಡ ಆಗ್ಯಾವ ಯವ್ವಾ, ನಿನ್ನೆ ತಾಟು ಎತ್ತಿ ಗ್ವಾಡಿಗಿ ಒಗದ್ರು."

ಜಮಖಂಡಿಗೆ ಫೋನ್ ಮಾಡಿದೆ. ವೈದ್ಯರು ಮೊದಲು ನನ್ನನ್ನು ಬೈದರು. ಬೈಯಬೇಕಾದದ್ದೇ. ನಂತರ ಎಪ್ಲೆರೆನೋನ್ ಎಂಬ ಇನ್ನೊಂದು ಗುಳಿಗೆ ಹೇಳಿದರು. ಅದೇ ಹಾರ್ಮೋನನ್ನು ತಡೆಯುತ್ತದೆ, ಆದರೆ ಈ ತೊಂದರೆ ಬಹಳ ಅಪರೂಪ, ಬಾತದ್ದೂ ಬಹುಮಟ್ಟಿಗೆ ಇಳಿಯುತ್ತದೆ. ಕೂಡಲೇ ಶುರು ಮಾಡಿಸು, ನಾಡಿದ್ದು ಕರೆದುಕೊಂಡು ಬಾ, ಅಂದರು. ನನ್ನಲ್ಲಿ ಇರಲಿಲ್ಲ. ಮುಧೋಳದಿಂದ ಬಸ್ಸಿನಲ್ಲಿ ತರಿಸುವಷ್ಟರಲ್ಲಿ ಮರುದಿನ ಬೆಳಿಗ್ಗೆ ಹನ್ನೊಂದಾಯಿತು. ಗುಳಿಗೆಯ ಪಟ್ಟಿ ಕೈಯಲ್ಲಿ ಹಿಡಿದು ನಾನೇ ಕಾರ್ಖಾನೆಗೆ ನಡೆದೆ.

ಒಳಗೆ ಉಗಿ. ಎಲ್ಲರೂ ಬನಿಯನ್ನಿನಲ್ಲೋ ಬರಿಮೈಯಲ್ಲೋ ಇದ್ದರು. ಮಾಸ್ತರೊಬ್ಬರು ಮಾತ್ರ ಕುತ್ತಿಗೆವರೆಗೂ ಗುಂಡಿ ಹಾಕಿದ ಉದ್ದ ತೋಳಿನ ಅಂಗಿಯಲ್ಲಿ, ಬೆವರಿನಿಂದ ತೊಯ್ದು, ಹಂಡೆಯ ಮುಂದೆ ನಿಂತಿದ್ದರು. ಅವರ ಹಣೆಯ ಪಕ್ಕದಲ್ಲಿ ನರ ಉಬ್ಬಿದ್ದು ನನಗೆ ಬಾಗಿಲಿನಿಂದಲೇ ಕಂಡಿತು.

"ಮಾಸ್ತರಿಗೆ ಚಳಿ ನೋಡ್ರಲೇ" ಎಂದು ಈರಪ್ಪ ಹೇಳುತ್ತಿದ್ದ. "ಮಾಸ್ತರ, ಕಂಬಳಿ ತರಲೇನ್ರೀ?"

"ಸುಮ್ನಿರಲೇ."

"ತೋಳ ಮಡಚ್ಕೋ ಅಂತ ನಮಗ ಹೇಳ್ತಿದ್ರಿ. ಈಗ ನೀವ..." ಎನ್ನುತ್ತ ಅವನು ನಗುನಗುತ್ತಲೇ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ. ಗುಂಡಿಗಳು ಪಟಪಟನೆ ಹಾರಿದವು.

ಎಲ್ಲರ ಕಣ್ಣೂ ಅವರ ಬಾತ ಎದೆಯ ಮೇಲೆ ನಿಂತವು. ಆಮೇಲೆ ಯಾರೋ ಕಿಸಕ್ಕೆಂದರು. ಈರಪ್ಪನ ಬಾಯಿ ಅವನ ಬುದ್ಧಿಗಿಂತ ಮುಂದೆ ಓಡಿತು. "ಅಯ್ ಶಿವನ! ಮಾಸ್ತರ, ಎಷ್ಟ ತಿಂಗಳ್ರೀ? ಕುಪ್ಪಸ ಹೊಲಿಸಲೇನ್ರೀ?"

ಮುಂದಿನದನ್ನು ನಾನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಮನಸ್ಸಿನಲ್ಲಿ ಎಷ್ಟು ಸಲ ನಡೆಸಿ ನೋಡಿದ್ದೇನೋ. ಗಂಜಿ ತಿರುವುವ ಕಬ್ಬಿಣದ ಸೌಟು ಮೇಲೆದ್ದಿತು. ಮೊದಲ ಏಟು ಈರಪ್ಪನ ಭುಜಕ್ಕೆ. ಎಲುಬು ಮುರಿದ ಸದ್ದು ಯಂತ್ರದ ಸದ್ದಿನಲ್ಲೂ ಕೇಳಿತು. ಎರಡನೆಯದು ತಲೆ ತಪ್ಪಿ ಗೋಡೆಗೆ ಬಡಿದು ಸಿಮೆಂಟು ಉದುರಿತು. ಬಿಡಿಸಲು ಬಂದವನೊಬ್ಬನ ಮುಖಕ್ಕೆ ಸೌಟಿನ ಹಿಡಿ ಬಿದ್ದು ಅವನು ಬಾಯಿ ಹಿಡಿದುಕೊಂಡು ಕೂತ. ಉಳಿದವರು ಹಿಂದೆ ಸರಿದರು. ಮಾಸ್ತರು ಸೌಟು ಎಸೆದು, ಬಲಗೈಯಿಂದ ಈರಪ್ಪನ ಕುತ್ತಿಗೆಯ ಹಿಂಭಾಗ ಹಿಡಿದು ಹಂಡೆಯತ್ತ ಎಳೆದರು. ಗಂಜಿ ಗುಳುಗುಳು ಕುದಿಯುತ್ತಿತ್ತು. ಈರಪ್ಪ ಹಂಡೆಯ ಅಂಚಿಗೆ ಅಂಗೈ ಊರಿದ, ಅದು ಚುರ್ರೆಂದಿತು. ಮಾಸ್ತರು ಒತ್ತಿದರು. ಅವನ ಕೂದಲು ಗಂಜಿಗೆ ತಾಗಿತು. ಎಡಕಿವಿ ತಾಗಿತು. ಅಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಎಲ್ಲರೂ ದೂರ ನಿಂತಾಗ ನಾನು ಓಡಿ ಹತ್ತಿರ ಹೋದೆ. ಅವರ ಕೈ ಹಿಡಿದು ಎಳೆಯಲಿಲ್ಲ, ಪಟ್ಟಿಯನ್ನು ಎತ್ತಿ ಹಿಡಿದು ಕಿರುಚಿದೆ. "ಮಾಸ್ತರ, ಬ್ಯಾರೆ ಗುಳಿಗಿ ತಂದೀನ್ರೀ! ಎದಿ ಇಳೀತಾವ್ರೀ!"

ಅಷ್ಟು ಜನರ ಮುಂದೆ, ಅವರು ನನ್ನ ಮುಂದೆ ಆಡಲಾರದೆ ಹೋದ ಮಾತನ್ನು ನಾನು ಗಂಟಲು ಹರಿಯುವಂತೆ ಕೂಗಿದ್ದೆ. ಅವರು ನನ್ನತ್ತ ತಿರುಗಿದರು. ಕಣ್ಣಿನ ಬಿಳಿಭಾಗವೆಲ್ಲ ಕೆಂಪು. ಏನೋ ಕೇಳುವವರಂತೆ ತುಟಿ ಆಡಿಸಿದರು. ಅವರ ಬಲಗೈ ಈರಪ್ಪನ ಕುತ್ತಿಗೆಯಿಂದ ಜಾರಿತು. ಮೂಗಿನಿಂದ ರಕ್ತ ಧಾರೆಯಾಗಿ ಇಳಿಯಿತು. ಮುಖದ ಬಲಭಾಗ ಸೊಟ್ಟಗಾಯಿತು. ನಿಂತಲ್ಲೇ, ಗಂಜಿ ಚೆಲ್ಲಿದ ನೆಲದ ಮೇಲೆ, ಬಲಕ್ಕೆ ಉರುಳಿ ಬಿದ್ದರು.

ಮೆದುಳಿನ ಎಡಭಾಗದಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಜೀವ ಉಳಿಸಿಕೊಂಡು ಬಂದರು. ಬಲಗೈ, ಬಲಗಾಲು, ಮಾತು ಹೋಗಿದ್ದವು. ಪೋಲೀಸರು ಬಂದಾಗ ಈರಪ್ಪ ಕಿವಿಗೆ ಪಟ್ಟಿ, ಕೈಗೆ ಜೋಳಿಗೆ ಕಟ್ಟಿಕೊಂಡು, "ಕಾಲ ಜಾರಿ ಬಿದ್ದೆ ಸಾಹೇಬ್ರ. ಮಾಸ್ತರು ಹಿಡಿಯಾಕ ಬಂದ್ರು" ಅಂದ. ನನ್ನನ್ನೂ ಕೇಳಿದರು. ನಾನು ಉಗಿಯಲ್ಲಿ ಸರಿಯಾಗಿ ಕಾಣಲಿಲ್ಲ ಅಂದೆ.

ಭುಜ ಕೂಡಿಕೊಂಡ ಮೇಲೆ ಅವನು ದಿನಾ ಮಧ್ಯಾಹ್ನ ಮಾಸ್ತರ ಮನೆಗೆ ಹೋಗತೊಡಗಿದ. ಗಡ್ಡ ಹೆರೆಯುತ್ತಿದ್ದ, ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿದ್ದ. ಊರಿನವರು ಕೇಳಿದರೆ ಅವನದು ಒಂದೇ ಉತ್ತರ. "ಕೊಲ್ಲೂದಿತ್ತಂದ್ರ ಮುಳುಗಿಸ್ತಿದ್ರು. ಕೈ ಉಳಿಸಿದಾಂವ ಜೀವ ತಗೀತಾನೇನು? ಮಾಸ್ತರು ನನ್ನ ಬಿಟ್ರು. ಬಿಟ್ಟ ಮ್ಯಾಲ ನರ ಹರೀತು." ಅದನ್ನು ಅವನು ಪೂರ್ತಿ ನಂಬಿದ್ದ. ನಾನೂ ನಂಬಲು ಬಯಸಿದ್ದೆ. ಹಾಗೆ ನಂಬಿದರೆ ನನ್ನ ಕೂಗಿಗೂ ಒಂದು ಬೆಲೆ ಬರುತ್ತಿತ್ತು.

ಹೊಸ ಗುಳಿಗೆಯನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ. ಅಂಕಿ ಮತ್ತೆ ಇಳಿಯಿತು, ಎದೆ ಮೊದಲಿನಂತಾಯಿತು. ವೈದ್ಯರು ಮತ್ತೊಮ್ಮೆ ಅಳೆದು, ಉಳಿದ ನಾಳಗಳು ಚೇತರಿಸಿಕೊಳ್ಳುತ್ತಿವೆ ಎಂದರು. ಒಡೆದದ್ದರ ಬಗ್ಗೆ ಅವರೂ ಏನೂ ಹೇಳಲಿಲ್ಲ. ಏಳೆಂಟು ತಿಂಗಳಲ್ಲಿ ಮಾತು ಚೂರುಚೂರಾಗಿ ಮರಳಿತು. ಹೆಂಡತಿಯ ಹೆಸರು, ನೀರು, ಸಾಕು.

ನಾನು ಪ್ರತಿ ಸೋಮವಾರ ಒತ್ತಡ ನೋಡಲು ಹೋಗುತ್ತಿದ್ದೆ. ಒಂದು ಸೋಮವಾರ ಅವರ ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ತಡೆಯಲಾಗದೆ ಕೇಳಿಬಿಟ್ಟೆ.

"ಮಾಸ್ತರ, ಅವತ್ತ ನೀವ ಅವನ್ನ ಬಿಟ್ರಿ ಹೌದಲ್ರೀ?"

ಅವರು ಎಡಗೈಯಿಂದ ಸತ್ತ ಬಲಗೈಯನ್ನು ಎತ್ತಿ ಹಾಸಿಗೆಯ ಮೇಲೆ ಬೀಳಬಿಟ್ಟರು. ಅದು ಧೊಪ್ಪೆಂದು ಬಿತ್ತು.

"ಕೈ... ಬಿಡ್ತು" ಅಂದರು. ಉಸಿರು ಕೂಡಿಸಿಕೊಂಡು ಮತ್ತೆ, "ನಾ... ಬಿಡಾಂವ... ಇದ್ದಿಲ್ಲ."

ಅವರ ಕಣ್ಣಲ್ಲಿ ನೀರು ಇರಲಿಲ್ಲ. ಗಂಜಿ ಎಷ್ಟು ಕುದಿಯಬೇಕೆಂದು ಹೇಳುವಾಗಿನ ಅದೇ ನೇರ ನೋಟ. ಐವತ್ತೆಂಟು ವರ್ಷ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯನಿಗೆ, ದಿನಾ ಒಬ್ಬ ಬಂದು ಗಡ್ಡ ಹೆರೆದು, ನೀವು ಒಳ್ಳೆಯವರು ಎಂದು ಹೇಳಿ ಹೋಗುವುದು ಎಂಥ ಶಿಕ್ಷೆಯಾಗಿತ್ತೋ. ಅಷ್ಟರಲ್ಲಿ ಈರಪ್ಪ ಬಂದ.

"ಏನ ಗುಸುಗುಸು ನಡಿಸೀರಿ ಮಾಸ್ತರ, ನನ್ನ ಮ್ಯಾಲ ಚಾಡಿ ಹೇಳಾಕತ್ತೀರೇನ? ನಡೀರಿ, ಜಳಕದ ಹೊತ್ತಾತು." ಸುಟ್ಟು ಮುದುಡಿದ ಕಿವಿಯ ಬದಿಯನ್ನು ಅವರ ಕೆನ್ನೆಗೆ ತಾಗಿಸಿ, ಎರಡೂ ತೋಳಿನಿಂದ ಬಾಚಿ ಎತ್ತಿದ.

ಮಾಸ್ತರು ಎಡಗೈಯಿಂದ ಅವನ ಕೊರಳು ಹಿಡಿದುಕೊಂಡು, ಅವನ ಆ ಕಿವಿಯಲ್ಲೇ, ನನಗೆ ಹೇಳಿದ್ದನ್ನೇ ಹೇಳಲು ಒದ್ದಾಡಿದರು. "ನಾ... ಬಿಡಾ... ಇದ್ದಿಲ್ಲ... ಈರ್ಯಾ... ಬಿಡಾ..."

"ಬಿಡಂಗಿಲ್ರೀ ಮಾಸ್ತರ" ಅಂದ ಈರಪ್ಪ. "ಗಟ್ಟಿ ಹಿಡದೀನಿ. ಅಂಜಬ್ಯಾಡ್ರಿ."

ಅವನ ಹೆಗಲ ಮೇಲಿಂದ ಮಾಸ್ತರು ನನ್ನನ್ನು ನೋಡಿದರು. ಏನು ಬೇಡುತ್ತಿದ್ದಾರೆಂದು ನನಗೆ ತಿಳಿಯಿತು. ಅವರಿಗೆ ಆಗದ ಮಾತು ನನ್ನ ನಾಲಿಗೆಯಲ್ಲಿತ್ತು, ಇಡಿಯಾಗಿ, ಸ್ಪಷ್ಟವಾಗಿ. ನಾನು ಬಾಗಿಲ ಪರದೆ ಸರಿಸಿ ಹಿಡಿದು, ಅವರಿಬ್ಬರಿಗೂ ದಾರಿ ಬಿಟ್ಟೆ.